ಗೋಡೆಯ ಬಣ್ಣ

ಆಷಾಢಕ್ಕೆ ಮದುವೆಗಳಿಲ್ಲ,
ಅದಕ್ಕೇ ಬೇಲೂರು ರಸ್ತೆಯ ಕಲ್ಯಾಣ ಮಂಟಪದಲ್ಲಿ
ಕರಕುಶಲ ಮೇಳ.
ಇಪ್ಪತ್ತು ರೂಪಾಯಿ ಕೊಟ್ಟರೆ ಮುಂಗೈಗೆ ನೇರಳೆ ಮುದ್ರೆ,
ಒಣಗಲಿ ಅಂತ ಎಲ್ಲರೂ
ಕೈ ಎತ್ತಿಕೊಂಡೇ ಒಳಗೆ ಹೋಗುತ್ತಾರೆ.
ಅಡುಗೆಮನೆ ಕಡೆಯಿಂದ ಇನ್ನೂ
ಜ್ಯೇಷ್ಠದ ಕೊನೆಯ ಆರತಕ್ಷತೆಯ ಸಾರಿನ ವಾಸನೆ.
ವೇದಿಕೆ ಮೇಲೆ ಥರ್ಮೋಕೋಲಿನ ಹೆಸರು ಯಾರೂ ಕಿತ್ತಿಲ್ಲ:
ಸುಪ್ರಭಾ ವೆಡ್ಸ್, ಅಷ್ಟೇ ಕಾಣುತ್ತದೆ.
ವರನಿಗೆ ಬಿದಿರಿನ ಸೋಫಾ ಅಡ್ಡ.

ನಾನು ಬಂದದ್ದು ಒಂದು ಗೋಡೆಯ ಸಲುವಾಗಿ.
ಬ್ಯಾಗಿನಲ್ಲಿ ಟೇಪು,
ಸೊಸೈಟಿ ಬ್ಯಾಂಕಿನ ರದ್ದಾದ ಚಲನ್ನಿನ ಹಿಂದೆ ಅಳತೆ:
ಒಂಬತ್ತಡಿ ನಾಲ್ಕಿಂಚು.
ಮನೆ ಮಾಲೀಕರದು ಒಂದೇ ಷರತ್ತು,
ಮೊಳೆ ಹೊಡೆಯಬಾರದು.
ಹನ್ನೊಂದು ವರ್ಷ ಹೊಡೆದಿಲ್ಲ.
ಹಿಂದಿನವರು ಬಿಟ್ಟುಹೋದ ಒಂಟಿ ಮೊಳೆಗೆ ಕ್ಯಾಲೆಂಡರು,
ಅದರ ಮೇಲೆ ತಿಪ್ಪೇಶನ ಅಂಗಿ,
ಅಂಗಿಯ ಮೇಲೆ ಬೀಗದಕೈ.

ಐರಿನ್ ಮುಂದೆ ಮುಂದೆ ನಡೆಯುತ್ತ
ಲಂಬಾಣಿ ಕನ್ನಡಿ ದಿಂಬಿಗೂ, ಸೆಣಬಿನ ಪರದೆಗೂ,
ಮೊಣಕಾಲೆತ್ತರದ ಹಿತ್ತಾಳೆ ಆನೆಗೂ
"ನಿಮ್ಮನೆಗೆ ಹೇಳಿ ಮಾಡಿಸಿದಂಗಿದೆ" ಅನ್ನುತ್ತಾಳೆ.
ನಮ್ಮನೆಯಲ್ಲಿ ಆನೆ ನಿಂತರೆ
ತಿಪ್ಪೇಶ ವೆರಾಂಡದಲ್ಲಿ ಮಲಗಬೇಕು.

ನಡುವೆ ಒಂದು ಮಾದರಿ ಕೋಣೆ, ಮೂರೇ ಗೋಡೆ.
ಚಪ್ಪಲಿ ಬಿಟ್ಟು ಒಳಗೆ ಹೋಗಿ
ಜನ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ.
ನಾನೂ ಕೂತೆ.
ಒದ್ದೆ ಟವಲಿಲ್ಲ, ಮಾತ್ರೆ ಡಬ್ಬಿಯಿಲ್ಲ,
ನಾಳೆ ಇಸ್ತ್ರಿಗೆ ಹೋಗುವ ರಾಶಿಯಿಲ್ಲ.
ಎರಡು ನಿಮಿಷಕ್ಕೆ ಬೇಜಾರಾಗಿ ಎದ್ದೆ.

ಮೂಲೆಯಲ್ಲಿ ಕಾಫಿ ಬುಡದ ದೀಪಗಳು.
ಬೋರರ್ ಹೊಡೆದು ಕಿತ್ತೆಸೆದ ಗಿಡ,
ಉಜ್ಜಿ ಉಜ್ಜಿ ಬೆಣ್ಣೆ ಬಣ್ಣ ಬರಿಸಿ
ಹೊಟ್ಟೆಯೊಳಗೆ ಬಲ್ಬಿಟ್ಟಿದ್ದಾಳೆ
ಮಲ್ಲಂದೂರಿನ ಪುಟ್ಟಲಕ್ಷ್ಮಿ.
"ತೂತು ನಾವು ಕೊರೆದಿದ್ದಲ್ಲ ಮೇಡಂ, ಹುಳದ ಕೆಲಸ.
ಅದಕ್ಕೆ ಚಾರ್ಜಿಲ್ಲ."
ಸ್ವಿಚ್ಚು ಒತ್ತಿದಳು.
ನನ್ನ ಮುಂಗೈ ಮುದ್ರೆಯ ಮೇಲೆ
ಏಳೆಂಟು ಸಾಸಿವೆ ಕಾಳಿನಷ್ಟು ಬೆಳಕು.
"ನಿಮ್ಮ ಗೋಡೆ ಯಾವ ಬಣ್ಣ?"

ಅಳತೆಯೇನೋ ಇದೆ.
ಬಣ್ಣ?
ತಿಳಿಹಸಿರು ಅನ್ನಲು ಹೋದೆ, ಅದು ಬ್ಯಾಂಕಿನದು,
ಪಾಸ್‌ಬುಕ್ ಕೌಂಟರಿನ ಹಿಂದಿನದು.
ನೀಲಿ ತವರಿನದು.
ತಿಪ್ಪೇಶನಿಗೆ ಫೋನು ಮಾಡಿದೆ.
"ಇರು, ಲೈಟ್ ಹಾಕಿ ನೋಡ್ತೀನಿ."
ಹವಾಯಿ ಚಪ್ಪಲಿಯ ಸದ್ದು, ಟಕ್.

"ಸ್ವಿಚ್ಚಿನ ಹತ್ರ ಕಪ್ಪು.
ಕಿಟಕಿ ಪಕ್ಕ ಟೀ ಥರ.
ಕ್ಯಾಲೆಂಡರ್ ಎತ್ತಿದ್ರೆ ಅಡಿಗೆ ಬೇರೇನೇ ಇದೆ ಮಾರಾಯ್ತಿ, ಮಜ್ಜಿಗೆ!
ನೀನು ಒರಗಿ ಕೂರ್ತೀಯಲ್ಲ,
ಅಲ್ಲಿ ಗುಂಡಗೆ ಎಣ್ಣೆ.
ಅದರ ಪಕ್ಕ ಇನ್ನೊಂದು, ಸಣ್ಣದು, ಒಂಚೂರು ಕೆಳಗೆ..."
ಲೈನು ಹೋಯಿತೇನೋ ಅಂದುಕೊಂಡೆ.
"ಅದು ಅವ್ವಂದು."

ಫೋನು ಸ್ಪೀಕರಿನಲ್ಲಿತ್ತು.
ಪುಟ್ಟಲಕ್ಷ್ಮಿ ಒರೆಸಿದ ದೀಪವನ್ನೇ
ಇನ್ನೊಮ್ಮೆ ಒರೆಸಿದಳು.
ಐರಿನ್ ನಿಮ್ಮನೆಗೆ ಅಂತ ಶುರುಮಾಡಿ
ಆನೆಯ ಕಡೆ ತಿರುಗಿದಳು.
"ಪೇಂಟ್ ಹೊಡೆಸ್ತೀರಾ ಹಂಗಾದ್ರೆ?"
ಗೊತ್ತಿಲ್ಲ ಅಂದೆ.
ಸಾವಿರದ ಇನ್ನೂರು ಒಂಬೈನೂರ ಐವತ್ತಕ್ಕೆ ಇಳಿಯಿತು,
ನಾನು ಚೌಕಾಸಿಯನ್ನೇ ಮಾಡಿರಲಿಲ್ಲ.

ಆಟೋದಲ್ಲಿ ತೊಡೆಯ ಮೇಲೆ ದೀಪ,
ಪೇಪರು ಸುತ್ತಿದ ಕೂಸಿನಷ್ಟು ಭಾರ.
ಪ್ಲಗ್ಗಿಗೆ ಎರಡು ಪಿನ್ನೋ ಮೂರೋ ಕೇಳಲಿಲ್ಲ.
ಆ ಗೋಡೆಗೆ ಪಾಯಿಂಟೂ ಇಲ್ಲ.
ಕಿಟಕಿ ಕಡೆಯಿಂದ ವೈರು ಎಳೆಯಬೇಕು,
ಆ ಎರಡು ಗುಂಡಿನ ಕೆಳಗೆ ಹಾಯಿಸಿ,
ಮೊಳೆ ಹೊಡೆಯದೆ.